ಚಿತ್ತೆ ಮಳೆಯ ವಾರ, ಕುಳ್ಳಮ್ಮಜ್ಜಿ ಮನೆಯಲ್ಲಿ

ಅಕ್ಟೋಬರ್ 14, ಸೋಮವಾರ

ಶನಿವಾರ ವಿಜಯದಶಮಿ ಮುಗಿಯಿತು, ಇವತ್ತು ಮಳೆ ಹಿಡಿಯಿತು. ಬೆಳಿಗ್ಗೆ ಸಣ್ಣಗೆ ಶುರುವಾದದ್ದು ಹತ್ತು ಗಂಟೆಗೆಲ್ಲ ಜೋರಾಯಿತು. ಸೊಪ್ಪು ಒಣಗಿಸುವ ಬ್ಯಾರನ್ ಒಂದು ಮೂಲೆಯಲ್ಲಿ ಸೋರುತ್ತಿದೆ ಅಂತ ಅಪ್ಪ ಹದ ಮಾಡಿದ ಹೊಗೆಸೊಪ್ಪನ್ನೆಲ್ಲ ಹೊತ್ತು ತಂದು ಪಡಸಾಲೆಯಲ್ಲಿ ಪೇರಿಸಿದ್ದಾರೆ. ಮನೆಯೆಲ್ಲ ಸೊಪ್ಪಿನ ಘಾಟು. ನನಗೆ ತಲೆನೋವು.

ತಲೆನೋವು ಸೊಪ್ಪಿನಿಂದ ಬಂದದ್ದಲ್ಲ. ಅಮ್ಮನಿಂದ ಬಂದದ್ದು.

ಮಧ್ಯಾಹ್ನ ಅಮ್ಮ ರೊಟ್ಟಿ ತಟ್ಟುತ್ತಾ, ನನ್ನ ಮುಖ ನೋಡದೆ ಹೇಳಿದಳು. “ಬುಧವಾರ ಮಿರ್ಲೆಯಿಂದ ಸ್ಪಂದನಾನ ನೋಡಕ್ಕೆ ಬತ್ತಾವ್ರೆ. ಒಂದ್ ಮಧ್ಯಾಹ್ನದ ಮಾತು ಕಣವ್ವ ರೂಪ. ಅವತ್ತೊಂದಿನ ನೀನು ಕುಳ್ಳಮ್ಮನ ಮನೇಲಿ ಇದ್ಬುಡು.”

ಯಾಕೆ ಅಂತ ಕೇಳಿದೆ. ಗೊತ್ತಿದ್ದೇ ಕೇಳಿದೆ.

“ನೀನು ಭೇರ್ಯದಲ್ಲಿ ಗಂಡನ ಮನೇಲಿ ಚೆನ್ನಾಗಿದೀಯ ಅಂತ ಹೇಳಿದೀವಿ.”

ನಾನು ಭೇರ್ಯದಲ್ಲಿ ಇದ್ದೀನಂತೆ. ಮಾರ್ಚ್ ತಿಂಗಳಿಂದ ಈ ಮನೆಯ ಪಾತ್ರೆ ತೊಳೆಯುತ್ತಿರುವವಳು, ಸೊಪ್ಪು ಪೋಣಿಸಿ ಬೆರಳೆಲ್ಲ ಅಂಟಾಗಿಸಿಕೊಂಡವಳು, ಇವತ್ತು ಬೆಳಿಗ್ಗೆ ಇದೇ ಒಲೆಗೆ ಸೌದೆ ಒಟ್ಟಿದವಳು ಬೇರೆ ಯಾರೋ. ಐದು ವರ್ಷ ಸಂಸಾರ ಮಾಡಿ ಒಂದು ಸೂಟ್‌ಕೇಸ್ ಹಿಡಿದುಕೊಂಡು ಬಂದೆ. ಬೆನ್ನುನೋವಿನ ಔಷಧಿಗೆ ಬಂದಿದ್ದಾಳೆ ಅಂತ ಇವರು ಊರಿಗೆಲ್ಲ ಹೇಳಿದರು. ಏಳು ತಿಂಗಳ ಬೆನ್ನುನೋವು. ಊರಿನವರು ಮೊದಮೊದಲು ಹೇಗಿದೆ ಅಂತ ಕೇಳುತ್ತಿದ್ದರು, ಈಗ ಕೇಳುವುದಿಲ್ಲ.

ಅಪ್ಪ ಅಲ್ಲೇ ಬಾಗಿಲ ಹತ್ತಿರ ಇದ್ದರು. ನಾನು ಅವರ ಕಡೆ ನೋಡಿದೆ. ಅವರು ಮಳೆ ಕಡೆ ನೋಡಿದರು. “ರಾಗಿ ಎಲ್ಲಾ ಮಲಗ್ಬುಡ್ತದೆ ಈ ಮಳೆಗೆ” ಅಂದರು.

ತಂಗಿ ಸ್ಪಂದನಾ ಕೂಡ ಅಲ್ಲೇ ಇದ್ದಳು. ಇಪ್ಪತ್ನಾಲ್ಕು ವರ್ಷದವಳು, ಬಿ.ಎಡ್ ಮಾಡಿದವಳು, ಹುಣಸೂರಿನ ಸ್ಕೂಲಿನಲ್ಲಿ ಅರವತ್ತು ಮಕ್ಕಳ ಎದುರು ನಿಂತು ಪಾಠ ಮಾಡುವವಳಿಗೆ ಮನೆಯಲ್ಲಿ ಬಾಯಿ ಬರಲಿಲ್ಲ.

ಇರಲಿ. ದೀಪಾವಳಿಗೆ ನನ್ನ ಗಂಡ ಬಂದು ಕರೆದರೆ ಹೋಗುವುದು ಅಂತ ನನ್ನ ಮನಸ್ಸಿನಲ್ಲಿ ಇದ್ದೇ ಇದೆ. ಹಬ್ಬಕ್ಕೆ ಅವರು ಬರಲೂಬಹುದು. ಕರೆಂಟು ಬಂದು ಹೋಗಿ ಮಾಡುತ್ತಿದೆ, ಫೋನ್ ಚಾರ್ಜ್ ಮಾಡಿಟ್ಟುಕೊಳ್ಳಬೇಕು.

ಅಕ್ಟೋಬರ್ 15, ಮಂಗಳವಾರ

ಮಳೆ. ಮನೆಗೆಲ್ಲ ಸಾರಣೆ. ನನ್ನ ಮದುವೆಯ ಫೋಟೋ ಗೋಡೆಯಿಂದ ಇಳಿಸಿ ಮಂಚದ ಕೆಳಗೆ ತಳ್ಳಿದ್ದಾರೆ. ಅವರಾಗಿ ಇಳಿಸಿದ್ದರೆ ಆಗುತ್ತಿತ್ತು. ಇಳಿಸುವಾಗ ಸ್ಟೂಲ್ ಹಿಡಿದುಕೋ ಅಂತ ನನ್ನನ್ನೇ ಕರೆದರು.

ಹಿಡಿದುಕೊಂಡೆ.

ಅಕ್ಟೋಬರ್ 16, ಬುಧವಾರ

ಕುಳ್ಳಮ್ಮಜ್ಜಿ ಮನೆ ನಮ್ಮ ಮನೆಯ ಎದುರು ಸಾಲಿನಲ್ಲಿ ಮೂರನೆಯದು. ಮಣ್ಣಿನ ಗೋಡೆ, ನಾಡಹೆಂಚು, ಒಂದೇ ಬಾಗಿಲು, ಒಂದೇ ಕಿಟಕಿ. ಆ ಕಿಟಕಿಯಲ್ಲಿ ಕೂತರೆ ನಮ್ಮ ಮನೆಯ ಜಗಲಿ ನೇರ ಕಾಣುತ್ತದೆ. ಅಜ್ಜಿಗೆ ಮಕ್ಕಳಿಲ್ಲ, ಎರಡು ಮೇಕೆ ಇವೆ. ಎಪ್ಪತ್ತರ ಮೇಲಾಗಿದೆ. ನಾನು ಚಾಪೆ ಹಿಡಿದು ಬಂದಾಗ ಒಂದು ಮಾತೂ ಕೇಳದೆ ಮೂಲೆಯಲ್ಲಿ ಜಾಗ ತೋರಿಸಿದಳು. ಅದಕ್ಕೂ ಸಿಟ್ಟು ಬಂತು. ಕೇಳಿದ್ದರೂ ಬರುತ್ತಿತ್ತು.

ಹನ್ನೊಂದೂವರೆಗೆ ಬಿಳಿ ಕಾರು ಬಂತು. ಇಳಿದವರು ಮೂವರು. ಮೊದಲು ಹುಡುಗ ಇಳಿದ. ಮಹೇಂದ್ರ ಅಂತ ಹೆಸರು, ಅವನೂ ಮೇಷ್ಟರಂತೆ. ಆಮೇಲೆ ಅವನ ಅಪ್ಪ ಬಸವರಾಜು. ಆಮೇಲೆ ಒಂದು ಮುದುಕಿ, ಹುಡುಗನ ಅಜ್ಜಿ. ತಾಯಿ ತೀರಿಕೊಂಡು ಬಹಳ ವರ್ಷವಾಗಿದೆ, ಅಜ್ಜಿಯೇ ಸಾಕಿದ್ದು ಅಂತ ಅಮ್ಮ ಹೇಳಿದ್ದಳು. ಅಪ್ಪ ಛತ್ರಿ ಹಿಡಿದುಕೊಂಡು ಓಡಿದರು. ನಾನು ಆ ಥರ ಅಪ್ಪ ಓಡಿದ್ದನ್ನು ನೋಡಿದ್ದು ನನ್ನ ಮದುವೆಯಲ್ಲಿ.

ಸ್ಪಂದನಾ ಜಗಲಿಗೆ ಬಂದಳು. ಉಟ್ಟಿದ್ದು ನನ್ನ ಹಸಿರು ರೇಷ್ಮೆ ಸೀರೆ. ಸೂಟ್‌ಕೇಸಿನಿಂದ ತೆಗೆದದ್ದು. ಒಂದು ಮಾತು ಕೇಳಿದ್ದರೆ ನಾನೇ ಇಸ್ತ್ರಿ ಮಾಡಿ ಕೊಡುತ್ತಿದ್ದೆ. ಸೀರೆ ನೋಡಬಹುದಂತೆ, ಸೀರೆಯವಳನ್ನು ನೋಡಬಾರದಂತೆ.

ಮೂರು ಗಂಟೆಗೆ ಕಾರು ಹೊರಟಿತು. ಸದ್ಯ ಮುಗಿಯಿತು ಅಂತ ಚಾಪೆ ಸುತ್ತಿದೆ. ಕಾಲು ಗಂಟೆಯಲ್ಲೇ ಕಾರು ವಾಪಸು ಬಂತು.

ಹಳ್ಳ ತುಂಬಿ ಸೇತುವೆ ಮೇಲೆ ಎದೆಮಟ್ಟ ನೀರು ಹರಿಯುತ್ತಿದೆಯಂತೆ. ಇನ್ನೊಂದು ದಾರಿ ಕೆರೆ ಏರಿ ಮೇಲೆ. ಅಲ್ಲಿ ಏರಿ ಬಿರುಕು ಬಿಟ್ಟಿದೆ ಅಂತ ಪಂಚಾಯ್ತಿಯವರು ಅಡ್ಡ ಕಲ್ಲು ಇಟ್ಟಿದ್ದಾರೆ. ಊರಿಗೆ ಬರುವ ದಾರಿ ಎರಡೇ.

ಸಾಯಂಕಾಲ ಅಮ್ಮ ಸೆರಗು ತಲೆಗೆ ಹಾಕಿಕೊಂಡು ಓಡಿ ಬಂದಳು. ಕ್ಯಾರಿಯರ್‌ನಲ್ಲಿ ಚಿತ್ರಾನ್ನ, ಪಾಯಸ. “ಇವತ್ತೊಂದ್ ರಾತ್ರಿ ಇಲ್ಲೇ ಮಲ್ಕೊ. ನಾಳೆ ನೀರಿಳೀತದೆ.”

ಪಾಯಸ ಮೇಕೆಗೆ ಇಟ್ಟೆ. ಅದೂ ಮೂಸಿ ನೋಡಿ ಬಿಟ್ಟಿತು.

ಅಕ್ಟೋಬರ್ 17, ಗುರುವಾರ

ನೀರು ಇಳಿದಿಲ್ಲ. ರಾತ್ರಿಯೆಲ್ಲ ಸುರಿದಿದೆ. ಇವತ್ತು ಸೀಗೆ ಹುಣ್ಣಿಮೆ, ಅಪ್ಪ ಹೊಲಕ್ಕೆ ಎಡೆ ತೆಗೆದುಕೊಂಡು ಹೋಗಬೇಕಿತ್ತು. ಹೋದ ಹಾಗೆ ಕಾಣಲಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ಯಾರು ಹೋಗುತ್ತಾರೆ.

ಕಿಟಕಿಯಿಂದ ನೋಡುತ್ತಾ ಕೂತೆ. ತೆರೆದ ಬಾಗಿಲಿನಾಚೆ ಆ ಬಸವರಾಜು ನಮ್ಮ ಪಡಸಾಲೆಯಲ್ಲಿ ಅಪ್ಪನ ಪಕ್ಕ ಕೂತು ಹೊಗೆಸೊಪ್ಪು ವಿಂಗಡಿಸುತ್ತಿದ್ದರು. ಭತ್ತದ ಸೀಮೆಯವರು, ಸೊಪ್ಪು ಗೊತ್ತಿಲ್ಲ, ಒಂದೊಂದು ಎಲೆಯನ್ನೂ ಎತ್ತಿ ಅಪ್ಪನಿಗೆ ತೋರಿಸಿ ಕೇಳುತ್ತಿದ್ದರು. ಅಪ್ಪ ನಗುತ್ತಿದ್ದರು. ಆ ಜಾಗ ನನ್ನದು. ಏಳು ತಿಂಗಳಲ್ಲಿ ಅಪ್ಪ ನನ್ನ ಪಕ್ಕ ಕೂತು ಹಾಗೆ ನಕ್ಕದ್ದು ನೆನಪಿಲ್ಲ.

ಮಧ್ಯಾಹ್ನ ಒಂದು ಗಳಿಗೆ ಮಳೆ ನಿಂತಿತು. ಆಗ ಬಾಗಿಲಿಗೆ ಬಂದು ನಿಂತದ್ದು ಹುಡುಗನ ಅಜ್ಜಿ. ನನಗೆ ಏಳುವುದಕ್ಕೂ ಸಮಯವಿರಲಿಲ್ಲ.

“ಎಲೆ ಅಡಿಕೆ ಐತಾ ಕಣವ್ವ? ಆ ಮನೇಲಿ ಯಾರೂ ಹಾಕಲ್ವಂತೆ. ನಿನ್ನೆಯಿಂದ ಬಾಯೆಲ್ಲ ಸಪ್ಪೆ” ಅಂದಳು. ಚಿಕ್ಕಸಿದ್ದಮ್ಮ ಅಂತ ತಾನೇ ಹೆಸರು ಹೇಳಿಕೊಂಡಳು. ಕುಳ್ಳಮ್ಮಜ್ಜಿ ಚೀಲ ಬಿಚ್ಚಿ ಕೊಟ್ಟಳು. ಇಬ್ಬರೂ ಕೂತರು. ಆಮೇಲೆ ಆಕೆ ನನ್ನ ಕಡೆ ತಿರುಗಿದಳು.

“ಇದ್ಯಾರು ಮಗ?”

ಕುಳ್ಳಮ್ಮಜ್ಜಿ ಕೈಯಲ್ಲಿದ್ದ ಸುಣ್ಣದ ಡಬ್ಬಿ ಕೆಳಗಿಟ್ಟಳು. “ನಮ್ಮಕ್ಕನ ಮೊಮ್ಮಗಳು ಕಣವ್ವ. ಪಿರಿಯಾಪಟ್ಟಣದೋಳು.”

“ಹೆಸರೇನವ್ವ?”

“ರಮ್ಯಾ” ಅಂದೆ. ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಬಾಯಿಂದಲೇ ಬಂತು. ಬರೆಯುವಾಗಲೂ ಮೈ ಉರಿಯುತ್ತಿದೆ.

ಆಕೆ ಸುಮ್ಮನೆ ಹೋಗುವವಳಲ್ಲ. “ಆ ಮನೆ ಹುಡುಗಿ ಎಂಥೋಳು? ಊರೋರು ನಿಜ ಹೇಳ್ತಾರೆ” ಅಂದಳು. ಎರಡು ಮಾತು ಹೇಳಿದ್ದರೆ ಸಾಕಿತ್ತು. ಕೋಪದವಳು, ಅಡಿಗೆ ಬರಲ್ಲ, ಬೆಳಿಗ್ಗೆ ಏಳಲ್ಲ, ಎಲ್ಲ ನಿಜವೇ. ಆದರೆ ನಾನು ಹೇಳಿದ್ದು ಬೇರೆ. ಮಕ್ಕಳಿಗೆ ಹೊಡೆಯದೆ ಪಾಠ ಹೇಳುತ್ತಾಳೆ, ಜ್ವರ ಬಂದವರ ಪಕ್ಕ ರಾತ್ರಿಯೆಲ್ಲ ಕೂರುತ್ತಾಳೆ ಅಂದೆ. ಅದೂ ನಿಜವೇ.

“ಅವಳ ಅಕ್ಕ?”

“ಚೆನ್ನಾಗವ್ರಂತೆ.”

“ಒಂದು ಪೋಟೋನೂ ಇಲ್ಲ ಕಣವ್ವ ಗೋಡೆ ಮ್ಯಾಲೆ. ಎಲ್ಲರ ಮನೇಲೂ ಮಗಳು ಮದುವೆ ಪೋಟೋ ಇರ್ತದೆ.” ಎಲೆ ಮಡಿಸಿ ಬಾಯಿಗಿಟ್ಟುಕೊಂಡು ಎದ್ದು ಹೋದಳು.

ಹಿಂದಿನ ಗೋಡೆಯ ಬುಡದಲ್ಲಿ ತೇವ ಮೇಲೇರುತ್ತಿದೆ. ಬೆಳಿಗ್ಗೆ ಒಂದು ಗೇಣು ಇತ್ತು, ಈಗ ಮೊಳ. ಅಜ್ಜಿಗೆ ತೋರಿಸಿದೆ. “ಪ್ರತಿ ವರ್ಸ ಅಂಗೇ ಆಯ್ತದೆ ಬುಡು” ಅಂದಳು.

ಅಕ್ಟೋಬರ್ 18, ಶುಕ್ರವಾರ

ಬಹಳ ಬರೆಯಬೇಕಾಗಿದೆ. ಯಾರ ಹತ್ತಿರವೂ ಮಾತಾಡುವ ಹಾಗಿಲ್ಲ.

ಬೆಳಿಗ್ಗೆ ತಿಂಡಿ ತಂದದ್ದು ಸ್ಪಂದನಾ. ಗೋಣಿಚೀಲ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡಿದ್ದಳು. ತಟ್ಟೆ ಇಟ್ಟು ಹೋಗುವುದರಲ್ಲಿದ್ದಳು. ನಾನು ಬಿಡಲಿಲ್ಲ.

“ನನ್ನ ಸೀರೆ ಚೆನ್ನಾಗಿತ್ತಾ?”

“ಅಕ್ಕ, ಪ್ಲೀಸ್.”

“ನಿನಗೆ ಬಾಯಿಲ್ವಾ? ನಮ್ಮಕ್ಕ ಇಲ್ಲೇ ಇದಾಳೆ ಅಂತ ಒಂದು ಮಾತು ಹೇಳಕ್ಕೆ ಏನಾಗಿತ್ತು?”

ಅವಳು ಕೂತಳು. ಕೂತು ಹೇಳಿದಳು. ಮಹೇಂದ್ರ ಅವಳಿಗೆ ಬಿ.ಎಡ್ ಕಾಲೇಜಿನಿಂದಲೇ ಗೊತ್ತಂತೆ. ಒಂದೂವರೆ ವರ್ಷವಾಯಿತಂತೆ. ಈ ನೋಡುವ ಶಾಸ್ತ್ರ ಎಲ್ಲ ದೊಡ್ಡವರಿಗಾಗಿ ಹೂಡಿದ್ದು. ನನ್ನ ವಿಷಯ ಅವನಿಗೆ ಮೊದಲಿಂದಲೂ ಗೊತ್ತು. ಅವನ ಅಪ್ಪನಿಗೆ, ಅಜ್ಜಿಗೆ ಗೊತ್ತಿಲ್ಲ. “ಅವರ ಕಡೆ ಒಂದು ಸಂಬಂಧ ಹಿಂಗೇ ಮುರಿದೋಯ್ತು ಅಕ್ಕ. ಹುಡುಗಿ ಅಕ್ಕ ಗಂಡನ್ನ ಬಿಟ್ಟು ಬಂದವಳೆ ಅಂತ ಅಜ್ಜಿ ಒಪ್ಪಲಿಲ್ಲವಂತೆ. ಅದಕ್ಕೆ ನಾನೇ ಅಮ್ಮನಿಗೆ ಹೇಳಿದ್ದು.”

“ನೀನೇ ಹೇಳಿದ್ದು.”

“ಹೂಂ. ಒಂದು ಮಧ್ಯಾಹ್ನ ಅಂತ ಹೇಳಿದ್ದು. ಮಳೆ ಹಿಂಗೆ ಮಾಡುತ್ತೆ ಅಂತ ಗೊತ್ತಿತ್ತಾ ನನಗೆ?”

ಇಷ್ಟು ದಿನ ಅಮ್ಮನ ಬುದ್ಧಿ ಅಂದುಕೊಂಡಿದ್ದೆ. ತಟ್ಟೆ ತೆಗೆದುಕೊಂಡು ಹೋಗು ಅಂದೆ. ಹೋದಳು. ಬಾಗಿಲಲ್ಲಿ ನಿಂತು “ನನಗೆ ಅವರು ಬೇಕು ಅಕ್ಕ” ಅಂದಳು. ನಾನು ಗೋಡೆ ಕಡೆ ತಿರುಗಿ ಕೂತೆ. ಗೋಡೆ ನೆನೆದು ಕಪ್ಪಾಗಿತ್ತು.

ಮಧ್ಯಾಹ್ನ ಅಮ್ಮ ಬಂದಳು. ಊಟಕ್ಕೆ ಕೂತಾಗ ಬಸವರಾಜು ಅಪ್ಪನನ್ನು ಕೇಳಿದರಂತೆ, ನಿಮ್ಮ ಅಳಿಯ ಭೇರ್ಯದಲ್ಲಿ ಯಾರ ಮನೆಯವರು, ನಮ್ಮ ಮಿರ್ಲೆಗೂ ಭೇರ್ಯಕ್ಕೂ ಹತ್ತಿರ, ನನಗೆ ಅಲ್ಲಿ ಎಲ್ಲರೂ ಗೊತ್ತು ಅಂತ. ಅಪ್ಪ ಹೆಸರು ಹೇಳಿದ್ದಾರೆ. “ಗೊಬ್ಬರದ ಅಂಗಡಿ ಶಂಕರ್ರಾ? ನಂಬರ್ ಐತೆ ನನ್ನತ್ರ. ಸಿಗ್ನಲ್ ಬಂದ್ಮೇಲೆ ಮಾತಾಡ್ತೀನಿ” ಅಂದರಂತೆ.

“ಅದಕ್ಕೇ ನೀನು ಮೊದ್ಲೇ ಒಂದ್ ಫೋನ್ ಮಾಡ್ಬುಡವ್ವ. ಯಾರಾದ್ರೂ ಕೇಳಿದ್ರೆ ಇಲ್ಲೇ ಅವಳೆ ಅಂತ ಹೇಳಕ್ಕೆ ಹೇಳು. ನಿನ್ ಕಾಲಿಗೆ ಬೀಳ್ತೀನಿ.”

ನನ್ನ ಅಮ್ಮ ನನ್ನ ಕಾಲಿಗೆ ಬೀಳುತ್ತಾಳಂತೆ, ನಾನು ಹೋಗಿ ಶಂಕರ್ ಕಾಲಿಗೆ ಬೀಳುವುದಕ್ಕೆ.

ಅವಳ ಜೊತೆ ಜಗಳ ಆಡಿದೆ. ಕಿರುಚಿದರೆ ಎದುರು ಮನೆಗೆ ಕೇಳುತ್ತದೆ ಅಂತ ಪಿಸುಮಾತಿನಲ್ಲಿ ಆಡಿದೆ. ಪಿಸುಮಾತಿನಲ್ಲಿ ಜಗಳ ಆಡಿದರೆ ಗಂಟಲು ಹೇಗೆ ಉರಿಯುತ್ತದೆ ಅಂತ ಇವತ್ತು ಗೊತ್ತಾಯಿತು. ಅಮ್ಮ ಅತ್ತಳು. ಸ್ಪಂದನಾ ಬಾಗಿಲಲ್ಲಿ ನಿಂತು ಹೇಳಿದ ಮಾತು ನೆನಪಾಯಿತು. ಕೊನೆಗೆ ಕುಳ್ಳಮ್ಮಜ್ಜಿಯ ಛತ್ರಿ ಹಿಡಿದು, ಮನೆಗಳ ಹಿಂದಿನ ಓಣಿಯಲ್ಲಿ ಕಳ್ಳಿಯ ಹಾಗೆ ಹೋಗಿ, ನೀರಿನ ಟ್ಯಾಂಕಿನ ದಿಣ್ಣೆ ಹತ್ತಿದೆ. ಊರಿಗೆಲ್ಲ ಅಲ್ಲೊಂದೇ ಕಡೆ ಸಿಗ್ನಲ್ ಸಿಗುತ್ತಿರುವುದು.

ಏಳು ತಿಂಗಳಾದ ಮೇಲೆ ಅವರ ದನಿ. ಒಂದೇ ರಿಂಗಿಗೆ ಎತ್ತಿದರು. ನಾನು ಹೇಳಿದ್ದನ್ನೆಲ್ಲ ಸುಮ್ಮನೆ ಕೇಳಿಸಿಕೊಂಡರು. ಮಳೆ ಛತ್ರಿಯ ಮೇಲೆ ಬೀಳುವ ಸದ್ದಿಗೆ ನಾನು ಎರಡು ಸಲ ಹೇಳಬೇಕಾಯಿತು.

“ಸರಿ” ಅಂದರು. “ಕೇಳಿದ್ರೆ, ಒಳಗಿದಾಳೆ ಅಂತೀನಿ. ನೀನಿದ್ದಾಗಲೂ ಅದೇ ತಾನೆ ಹೇಳ್ತಿದ್ದದ್ದು.” ನಕ್ಕರು. “ನಿನ್ನ ಅಪ್ಪ ಅಮ್ಮನಿಗೂ ಈಗ ಬುದ್ಧಿ ಬಂತು ನೋಡು. ಹೆಂಗಸು ಎಲ್ಲಿರ್ಬೇಕು ಅಂತ.”

ಹೊಡೆಯಲಿಲ್ಲ, ಕುಡಿಯಲಿಲ್ಲ, ಅದಕ್ಕೇ ಯಾರಿಗೂ ಅರ್ಥವಾಗಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಗೆ ಹೋಗುವಾಗ ಶಂಕರ್ ಹೊರಗಿಂದ ಬೀಗ ಹಾಕುತ್ತಿದ್ದ. ಮಧ್ಯಾಹ್ನ ಊಟಕ್ಕೆ ಬಂದಾಗ ತೆಗೆಯುವುದು, ಊಟ ಮಾಡಿ ಮತ್ತೆ ಹಾಕುವುದು. ಮೊದಲ ವರ್ಷ ಕಳ್ಳರ ಭಯ ಅಂದ. ಆಮೇಲೆ ಕಾರಣ ಹೇಳುವುದನ್ನೇ ಬಿಟ್ಟ. ಯಾರಾದರೂ ಬಾಗಿಲು ತಟ್ಟಿದರೆ ನಾನು ಕಿಟಕಿಯಿಂದ “ಮಲಗಿದ್ದೀನಿ” ಅನ್ನುತ್ತಿದ್ದೆ. ಒಂದು ದಿನ ಎದುರು ಮನೆಯ ಒಲೆ ಬೆಂಕಿ ಸೂರಿಗೆ ಹತ್ತಿತು. ಎಲ್ಲರೂ ಓಡಿ ಬಂದರು, ನಾನು ಕಂಬಿ ಹಿಡಿದುಕೊಂಡು ನೋಡಿದೆ. ಬೆಂಕಿ ನಮ್ಮ ಮನೆಗೆ ಬರಲಿಲ್ಲ. ಮಾರನೆಯ ವಾರ ಅವನು ಬೀಗ ತೆಗೆದು ಕೈತೊಳೆಯುವುದಕ್ಕೆ ಹಿತ್ತಲಿಗೆ ಹೋದಾಗ ಸೂಟ್‌ಕೇಸ್ ತೆಗೆದುಕೊಂಡು ಬಸ್ ಹತ್ತಿದೆ.

ಅಮ್ಮನಿಗೆ ಇದನ್ನೆಲ್ಲ ಹೇಳಿದ್ದೆ. “ಹೊಡೀತಿರ್ಲಿಲ್ಲ ಅಲ್ವಾ” ಅಂದಿದ್ದಳು.

ವಾಪಸು ಬಂದಾಗ ಅಮ್ಮ ಇನ್ನೂ ಅಲ್ಲೇ ಕೂತಿದ್ದಳು. ಹೇಳ್ತಾರಂತೆ ಅಂದೆ. ಅವಳು ಮೂಗು ಒರೆಸಿಕೊಂಡು ಎದ್ದಳು. ಗೋಡೆ ನೋಡು, ಬೀಳುವ ಹಾಗಿದೆ, ಅಜ್ಜಿಯನ್ನೂ ನನ್ನನ್ನೂ ಬ್ಯಾರನ್‌ಗಾದರೂ ಕಳಿಸು ಅಂದೆ. “ನಾಳೆ ಅವರು ಹೋಗ್ಲಿ ಕಣವ್ವ” ಅಂದಳು.

ಫೋನ್ ಚಾರ್ಜ್ ಮುಗಿಯಿತು. ಮುಗಿಯಲಿ.

ಅಕ್ಟೋಬರ್ 19, ಶನಿವಾರ

ಇವತ್ತು ಬರೆಯುವ ಮನಸ್ಸಿಲ್ಲ. ಆದರೂ ಬರೆಯುತ್ತೀನಿ.

ಬೆಳಿಗ್ಗೆ ಮೇಕೆ ಕೊಟ್ಟಿಗೆಗೆ ನೀರು ನುಗ್ಗಿತು ಅಂತ ಕುಳ್ಳಮ್ಮಜ್ಜಿ ಮೇಕೆಗಳನ್ನು ಹಿಡಿದು ಸ್ಕೂಲಿನ ಜಗಲಿಗೆ ಹೋದಳು. ಹತ್ತೂವರೆ ಇರಬಹುದು. ಅಮ್ಮ ಬಂದು ಇಡ್ಲಿ ಇಟ್ಟು ಹೋದಳು. ಹೋದ ಮೇಲೆ ಬಾಗಿಲ ಹೊರಗೆ ಕಬ್ಬಿಣದ ಸದ್ದು ಕೇಳಿಸಿತು.

ನನಗೆ ಆ ಸದ್ದು ಗೊತ್ತು. ಎದ್ದು ಬಾಗಿಲು ಎಳೆದೆ. ಹೊರಗಿಂದ ಚಿಲಕ ಹಾಕಿತ್ತು. ಗುರುವಾರದ ಹಾಗೆ ಆ ಮುದುಕಿ ಮತ್ತೆ ಎಲೆ ಅಡಿಕೆಗೆ ಬಂದರೆ ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು ವಾಪಸು ಹೋಗಲಿ ಅಂತ.

ಅಮ್ಮ ಅಂತ ಕೂಗಿದೆ. ಮಳೆಯ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಕಿಟಕಿಗೆ ಹೋದೆ, ಅವಳು ಅಷ್ಟರಲ್ಲಿ ನಮ್ಮ ಜಗಲಿ ಹತ್ತಿದ್ದಳು. ಆಗ ಬೆನ್ನ ಹಿಂದೆ ಏನೋ ಸಡಿಲವಾದ ಹಾಗೆ ಸದ್ದಾಯಿತು. ತಿರುಗಿದರೆ ಹಿಂದಿನ ಗೋಡೆ ಹೊಟ್ಟೆ ಉಬ್ಬಿಸಿಕೊಂಡಿತ್ತು. ಉಬ್ಬಿದ್ದು ಹೊರಗಡೆಗೆ. ಒಳಗಡೆಗೆ ಉಬ್ಬಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ನಾನು ರಾಗಿ ತುಂಬಿಡುವ ವಾಡೆಯ ಪಕ್ಕಕ್ಕೆ ಒತ್ತಿಕೊಂಡೆ. ಗೋಡೆ ನಿಧಾನವಾಗಿ, ದಣಿದವರು ಕೂರುವ ಹಾಗೆ, ಹೊರಗೆ ಕೂತಿತು. ಆಮೇಲೆ ಹೆಂಚು ಜಾರಿದವು, ಒಂದರ ಹಿಂದೆ ಒಂದು. ಒಂದು ತೊಲೆ ಬಂದು ನನ್ನ ಚಾಪೆಯ ಮೇಲೆ ಬಿತ್ತು. ಧೂಳಿಲ್ಲ, ಎಲ್ಲ ಕೆಸರು. ಗೋಡೆ ಇದ್ದ ಕಡೆ ಮಳೆ ಕಾಣುತ್ತಿತ್ತು.

ಅಳು ಬರಲಿಲ್ಲ. ಒಂದೇ ಯೋಚನೆ ಬಂದದ್ದು, ಚಿಲಕ ಇನ್ನೂ ಹಾಕಿದ ಹಾಗೇ ಇದೆಯಲ್ಲ ಅಂತ. ಮಣ್ಣಿನ ಗುಡ್ಡೆಯ ಮೇಲೆ ಕೈಕಾಲು ಊರಿ ಹತ್ತಿ ಆ ಕಡೆ ಇಳಿದೆ. ಹಿಂದಿನ ಓಣಿಯಲ್ಲಿ ಹೋಗಬಹುದಿತ್ತು, ಹೋಗಲಿಲ್ಲ. ಸುತ್ತಿಕೊಂಡು ಬೀದಿಗೆ ಬಂದೆ. ಬೀದಿಯ ನಡುವೆ ನಡೆದು ನಮ್ಮ ಜಗಲಿ ಹತ್ತಿ ಒಳಗೆ ಹೋದೆ.

ಪಡಸಾಲೆಯಲ್ಲಿ ಎಲ್ಲರೂ ಇದ್ದರು. ಅಪ್ಪನೂ ಬಸವರಾಜುನೂ ಸೊಪ್ಪಿನ ಮುಂದೆ, ಮಹೇಂದ್ರ ಮೊಬೈಲ್ ಹಿಡಿದು ಕಂಬದ ಹತ್ತಿರ, ಚಿಕ್ಕಸಿದ್ದಮ್ಮ ಗೋಡೆಗೆ ಒರಗಿ. ಅಮ್ಮ ಲೋಟಗಳ ತಟ್ಟೆ ಹಿಡಿದುಕೊಂಡು ಬರುತ್ತಿದ್ದವಳು ಅಲ್ಲೇ ನಿಂತಳು. ನನ್ನ ಮೈಯಿಂದ ಕೆಸರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ಕುಳ್ಳಮ್ಮಜ್ಜಿ ಮನೆ ಹಿಂಗೋಡೆ ಬಿತ್ತು” ಅಂದೆ. “ಬಾಗಿಲಿಗೆ ಹೊರಗಿಂದ ಚಿಲಕ ಹಾಕಿತ್ತು.”

ಚಿಕ್ಕಸಿದ್ದಮ್ಮ ನೆಟ್ಟಗೆ ಕೂತಳು. “ಅಯ್ಯೋ ಶಿವನೆ. ಯಾರು ಹಾಕಿದ್ದು ಮಗ ಚಿಲಕವ?”

ಲೋಟಗಳು ಒಂದಕ್ಕೊಂದು ತಾಗುವ ಸದ್ದು ಕೇಳುತ್ತಿತ್ತು. “ನಾನೇ” ಅಂದಳು ಅಮ್ಮ.

“ನೀನ್ಯಾಕವ್ವ ಹಾಕ್ದೆ? ಈ ರಮ್ಯಾ ನಿಮಗೇನಾಗ್ಬೇಕು?”

“ರಮ್ಯಾ ಅಲ್ಲ” ಅಂದೆ. “ನನ್ನ ಹೆಸರು ರೂಪಶ್ರೀ. ಇವರ ದೊಡ್ಡ ಮಗಳು. ಮಾರ್ಚ್ ತಿಂಗಳಿಂದ ಇದೇ ಮನೇಲಿದೀನಿ. ನೀವು ಬತ್ತೀರ ಅಂತ ಅಲ್ಲಿಗೆ ಕಳಿಸಿದ್ರು.”

ಬಸವರಾಜು ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟರು. “ನಿನ್ನೆ ಸಂಜೆ ನಾನು ದಿಣ್ಣೆ ಹತ್ತಿ ಭೇರ್ಯಕ್ಕೆ ಫೋನ್ ಮಾಡಿದ್ದೆ. ನಿನ್ನ ಗಂಡ ನೀನು ಒಳಗಿದೀಯ ಅಂದ್ನಲ್ಲವ್ವ.”

“ಹೌದು ಸಾರ್. ಒಳಗೇ ಇದ್ದೆ. ಈಗ ಬಂದೆ.”

ಸ್ಪಂದನಾ ಅಡಿಗೆಮನೆಯಿಂದ ಓಡಿ ಬಂದಳು. ನನ್ನನ್ನು ನೋಡಿ ಅವಳು ಮೊದಲು ಹೇಳಿದ್ದು ಬರೆದಿಡುತ್ತೀನಿ, ಮರೆಯಬಾರದು. “ಇನ್ನೊಂದು ದಿನ ತಡ್ಕೊಳಕ್ಕೆ ಆಗ್ಲಿಲ್ವಾ ಅಕ್ಕ ನಿಂಗೆ?”

ಆಮೇಲೆ ಅವಳ ಕಣ್ಣಿಗೆ ನನ್ನ ಹಣೆಯ ರಕ್ತ ಕಂಡಿತು. ಹೆಂಚು ತಾಗಿತ್ತು, ನನಗೇ ಗೊತ್ತಿರಲಿಲ್ಲ. ಅವಳ ಮುಖ ಬದಲಾಯಿತು. ನಾನು ಅದನ್ನು ನೋಡುವುದಕ್ಕೆ ನಿಲ್ಲಲಿಲ್ಲ, ಹಿತ್ತಲಿಗೆ ಹೋಗಿ ಬಕೆಟ್ ತುಂಬಿಸಿ ತಲೆಗೆ ಸುರಿದುಕೊಂಡೆ.

ಬಟ್ಟೆ ಬದಲಿಸಿ ಬಂದಾಗ ಮಹೇಂದ್ರ ಅವನ ಅಪ್ಪನ ಮುಂದೆ ನಿಂತು ಹೇಳುತ್ತಿದ್ದ. “ನನಗೆ ಮೊದಲೇ ಗೊತ್ತಿತ್ತು ಅಪ್ಪಾಜಿ. ನಾನೂ ಹೇಳಲಿಲ್ಲ. ತಪ್ಪು ನನ್ನದೂ ಇದೆ.” ಬಸವರಾಜು ಎದ್ದರು. ಅಪ್ಪನನ್ನು ಕೇಳಿದರು. “ಟಾರ್ಪಾಲ್ ಐತೇನ್ರೀ ನಿಮ್ಮಲ್ಲಿ? ಆ ಅಜ್ಜಿ ಮನೆ ಒಳಗೆಲ್ಲ ನೀರು ಹೋಯ್ತದೆ.”

ಬ್ಯಾರನ್‌ನಿಂದ ಟಾರ್ಪಾಲ್ ತಂದು, ಮೂವರು ಗಂಡಸರೂ ಮಳೆಯಲ್ಲಿ ನಿಂತು ಗೋಡೆ ಬಿದ್ದ ಕಡೆ ಕಟ್ಟಿದರು. ಅಪ್ಪ ವಾಪಸು ಬಂದು ಪಂಚೆ ಹಿಂಡುತ್ತಾ ನನ್ನ ಹತ್ತಿರ ಬಂದು ನಿಂತರು. “ತೊಲೆ ನಿನ್ ಚಾಪೆ ಮೇಲೇ ಬಿದ್ದಿತ್ತು ರೂಪ” ಅಂದರು. ಹೌದು ಅಂದೆ. ಹೊರಟು ಹೋದರು.

ಚಿಕ್ಕಸಿದ್ದಮ್ಮ ಇಡೀ ದಿನ ಅಮ್ಮನ ಕೈಯಿಂದ ನೀರನ್ನೂ ಮುಟ್ಟಲಿಲ್ಲ. ನಾನು ಕೊಟ್ಟರೂ ಬೇಡ ಅಂದಳು. “ಎಲ್ರೂ ಸೇರ್ಕಂಡು ನನ್ ಕಣ್ಣಿಗೆ ಮಣ್ಣೆರಚಿದ್ರಿ. ನೀನೂ ರಮ್ಯಾ ಅಂದೆ” ಅಂದಳು. ಲೋಟ ವಾಪಸು ತೆಗೆದುಕೊಂಡು ಬಂದೆ.

ಕುಳ್ಳಮ್ಮಜ್ಜಿ ಈಗ ನನ್ನ ಪಕ್ಕದಲ್ಲಿ ಮಲಗಿದ್ದಾಳೆ. ಮೇಕೆಗಳು ನಮ್ಮ ಜಗಲಿಯಲ್ಲಿವೆ. ಅಮ್ಮ ಇತ್ತ ಬಂದಿಲ್ಲ.

ಅಕ್ಟೋಬರ್ 20, ಭಾನುವಾರ

ಬೆಳಿಗ್ಗೆ ಬಿಸಿಲು. ಸೇತುವೆ ಕಾಣಿಸಿತು. ಕಾರು ಹೋಯಿತು. ಬಸವರಾಜು “ಹೇಳಿ ಕಳಿಸ್ತೀವಿ” ಅಂದರು, ಅಷ್ಟೇ. ಚಿಕ್ಕಸಿದ್ದಮ್ಮ ತಿರುಗಿ ನೋಡಲಿಲ್ಲ. ಸ್ಪಂದನಾ ಹಿತ್ತಲಲ್ಲಿ ಕಲ್ಲಿನ ಮೇಲೆ ಕೂತಿದ್ದಾಳೆ. ನಾನು ಹೋಗಿ ಮಾತಾಡಿಸಲಿಲ್ಲ, ಅವಳೂ ಕರೆಯಲಿಲ್ಲ.

ರಾಗಿ ಅರ್ಧಕ್ಕರ್ಧ ಮಲಗಿದೆ.

ಅಕ್ಟೋಬರ್ 22, ಮಂಗಳವಾರ

ಇವತ್ತು ಸಂಜೆ ಸ್ಪಂದನಾ ಸ್ಕೂಲಿನಿಂದ ಬಂದು ಬ್ಯಾಗ್ ಇಟ್ಟು, ನನ್ನ ಮುಖ ನೋಡದೆ ಹೇಳಿದಳು. “ನಮ್ಮ ಸ್ಕೂಲಲ್ಲಿ ಆಫೀಸಿಗೆ ಒಬ್ಬರು ಬೇಕಂತೆ. ಬಿ.ಕಾಂ ಆದವರು. ಹೆಡ್‌ಮಿಸ್ ಹತ್ತಿರ ನಿನ್ನ ಹೆಸರು ಹೇಳಿದೀನಿ. ಮಾರ್ಕ್ಸ್‌ಕಾರ್ಡ್ ತರಬೇಕು, ಒರಿಜಿನಲ್.”

ಮಾರ್ಕ್ಸ್‌ಕಾರ್ಡ್ ಎಲ್ಲ ಭೇರ್ಯದಲ್ಲಿ ಬೀರುವಿನಲ್ಲಿದೆ.

“ಹಣೆ ಗಾಯಕ್ಕೆ ಏನಾದ್ರೂ ಹಚ್ಚಿದ್ಯಾ?” ಅಂದಳು.

ಹಚ್ಚಿದ್ದೀನಿ ಅಂದೆ. ಅವಳ ಮೇಲೆ ಸಿಟ್ಟು ಇನ್ನೂ ಇದೆ. ಆದರೂ ರಾತ್ರಿ ಅವಳ ಅರವತ್ತು ಉತ್ತರಪತ್ರಿಕೆಯಲ್ಲಿ ಮೂವತ್ತನ್ನು ನಾನೇ ತಿದ್ದಿ ಕೊಟ್ಟೆ.

ಅಕ್ಟೋಬರ್ 25, ಶುಕ್ರವಾರ

ಬೆಳಿಗ್ಗೆ ಆರಕ್ಕೆ ಬಸ್ಸಿಗೆ ಹೊರಟಾಗ ಅಮ್ಮ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ನಾನು ಯಾರನ್ನೂ ಕರೆದಿರಲಿಲ್ಲ. “ನಾನೂ ಬತ್ತೀನಿ” ಅಂದಳು. ಬೇಡ ಅಂದೆ. ಬಂದಳು. ಹುಣಸೂರಿನಿಂದ ಕೆ.ಆರ್.ನಗರದವರೆಗೂ ಒಂದೇ ಸೀಟಿನಲ್ಲಿ ಕೂತೆವು. ಕಿಟಕಿಯ ಹೊರಗೆ ಗದ್ದೆಗಳಲ್ಲಿ ನೀರು ಇನ್ನೂ ನಿಂತಿತ್ತು. ಭೇರ್ಯಕ್ಕೆ ಇನ್ನೊಂದು ಬಸ್ಸು.

ಇನ್ನೂ ಅಂಗಡಿಗೆ ಹೋಗಿರಲಿಲ್ಲ ಆ ಮನುಷ್ಯ. ಬಾಗಿಲು ತೆಗೆದು ನನ್ನನ್ನು ನೋಡಿದ. ನನ್ನ ಹಿಂದೆ ಅಮ್ಮನನ್ನು ನೋಡಿ ನಕ್ಕ. “ಬನ್ನಿ ಅತ್ತೆ. ಕೊನೆಗೂ ಕರ್ಕೊಂಡು ಬಂದ್ರಲ್ಲ. ದೀಪಾವಳಿಗೆ ನಾನೇ ಬರೋಣ ಅಂತಿದ್ದೆ.”

ನಾನು ಒಳಗೆ ಹೋದೆ. ಮಲಗುವ ಕೋಣೆಯ ಬೀರುವಿನ ಬೀಗದಕೈ ಹಳೇ ಜಾಗದಲ್ಲೇ ಇತ್ತು. ಹಿಂದೆಯಿಂದ ಅವನ ಮಾತು ಕೇಳಿಸಿತು. “ನೀವೂ ಒಳಗೆ ಬನ್ನಿ ಅತ್ತೆ. ಬಾಗಿಲು ಹಾಕಬೇಕು, ಬೀದಿಯವರು ನೋಡ್ತಾರೆ.”

ಅಮ್ಮ ಒಳಗೆ ಬರಲಿಲ್ಲ. ಹೊರಗೂ ನಿಲ್ಲಲಿಲ್ಲ. ಹೊಸ್ತಿಲ ಮೇಲೆ ಕೂತಳು. ನಾವು ಚಿಕ್ಕವರಿದ್ದಾಗ ಹೊಸ್ತಿಲ ಮೇಲೆ ಕಾಲಿಟ್ಟರೂ ಬೆನ್ನಿಗೆ ಗುದ್ದುತ್ತಿದ್ದವಳು, ಅಳಿಯನ ಮನೆಯ ಹೊಸ್ತಿಲ ನಟ್ಟನಡುವೆ, ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಳು.

“ಏಳಿ ಅತ್ತೆ, ಅಲ್ಲಿ ಕೂರಬಾರದು.”

“ಗೊತ್ತು” ಅಂದಳು. “ಅವಳು ಹೊರಗೆ ಬರೋಗಂಟ ಏಳಲ್ಲ.”

ನಾನು ಅವಸರ ಮಾಡಲಿಲ್ಲ. ಎಸ್ಸೆಸ್ಸೆಲ್ಸಿಯಿಂದ ಬಿ.ಕಾಂ ತನಕ ಒಂದೊಂದೇ ಕಾಗದ ನೋಡಿ ಫೈಲಿಗೆ ಹಾಕಿದೆ. ನನ್ನ ಆಧಾರ್ ತೆಗೆದುಕೊಂಡೆ. ಎರಡು ಸೀರೆ, ಅಮ್ಮನ ತಾಯಿ ಕೊಟ್ಟಿದ್ದ ಬೆಳ್ಳಿ ಕುಂಕುಮಭರಣಿ. ಅವನು ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾ ಏನೇನೋ ಹೇಳುತ್ತಿದ್ದ. ಊರು, ಮಾನ, ಕೋರ್ಟು ಅನ್ನುತ್ತಿದ್ದ. ಎಲ್ಲ ಕೇಳಿಸಲಿಲ್ಲ.

ಹೊರಗೆ ಬಂದಾಗ ಬೀದಿಯಲ್ಲಿ ನಾಲ್ಕು ಜನ ಹೆಂಗಸರು ನಿಂತು ನೋಡುತ್ತಿದ್ದರು. ಅಮ್ಮ ಏಳಲು ನೋಡಿದಳು, ಮಂಡಿ ಹಿಡಿದುಕೊಂಡಿತ್ತು. ಕೈ ಕೊಟ್ಟು ಎಬ್ಬಿಸಿದೆ.

ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುವಾಗ ಸ್ಪಂದನಾ ಫೋನ್ ಮಾಡಿದಳು. ಬಸವರಾಜು ಅಪ್ಪನಿಗೆ ಫೋನ್ ಮಾಡಿದ್ದರಂತೆ. ಅವರು ಒಪ್ಪಿದ್ದಾರೆ, ಅಜ್ಜಿ ಒಪ್ಪಿಲ್ಲ, ಕಾರ್ತಿಕ ಕಳೆಯಲಿ ನೋಡೋಣ ಅಂದರಂತೆ. ಕಾಯುತ್ತೀನಿ ಅಂದಳು ಸ್ಪಂದನಾ. ಮಾರ್ಕ್ಸ್‌ಕಾರ್ಡ್ ಸಿಕ್ಕಿತಾ ಅಂತ ಕೇಳಿದಳು.

ಅಮ್ಮನ ಮೇಲೆ ನನ್ನ ಕೋಪ ಹೋಗಿಲ್ಲ. ಅವಳಿಗೂ ಹಾಗೇ ಹೇಳಿದೆ, ಕಾಫಿ ಮುಗಿದ ಮೇಲೆ. ಅವಳು ಲೋಟ ಕೆಳಗಿಟ್ಟಳು.

“ಕೋಪ ಹೋಗೋದು ಬ್ಯಾಡ ಬುಡು” ಅಂದಳು. “ಇರ್ಲಿ ಅದು.”

ಬಸ್ ಬಂತು. ಕಿಟಕಿ ಕಡೆ ಸೀಟು ನಾನು ಹಿಡಿದೆ. ಫೈಲನ್ನು ಅವಳ ತೊಡೆಯ ಮೇಲಿಟ್ಟೆ. ಊರು ಬರುವವರೆಗೂ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.